ಮಾಳಿಗೆ ಮನೆಗೆ ಹೆಂಚೇಕೆ ಬರಲಿಲ್ಲ?

ಪ್ರಶ್ನೆ: ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹಳೆಯ ಮನೆಗಳಿಗೆ ಮಟ್ಟಸವಾದ ಮಣ್ಣಿನ ಮಾಳಿಗೆ. ಮಲೆನಾಡಿನಂತೆ ಹೆಂಚಿನ ಮಾಡು ಏಕಿಲ್ಲ? ಮಳೆಗೆ ಮಣ್ಣು ಸೋರುವುದಿಲ್ಲವೇ?

ಉತ್ತರ: ಮುಖ್ಯ ಕಾರಣ ಮಳೆಯೇ. ಇಲ್ಲಿ ವರ್ಷಕ್ಕೆ ಬೀಳುವುದು 500 ಮಿ.ಮೀ. ಆಸುಪಾಸು, ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ನೀರು ಓಡಿಸುವ ಮಾಡಿಗಿಂತ ಬಿಸಿಲು ತಡೆಯುವ ದಪ್ಪ ಮಾಳಿಗೆಯೇ ಈ ಸೀಮೆಗೆ ಬೇಕಾದದ್ದು.

ಇನ್ನು ಸೋರದಂತೆ ಮಾಳಿಗೆ ಹಾಕುವ ಬಗೆ: ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಒತ್ತಾಗಿ ಕಡ್ಡಿ-ಸೊಪ್ಪು, ಆಮೇಲೆ ಮಣ್ಣು. ಮೇಲ್ಪದರಕ್ಕೆ ಎಲ್ಲ ಮಣ್ಣೂ ಆಗದು, ಕರಲು ಮಣ್ಣೇ ಆಗಬೇಕು. ಅದರಲ್ಲಿ ಸೋಡಿಯಂ ಹೆಚ್ಚು. ನೆನೆದಾಗ ಜೇಡಿಯ ಕಣಗಳು ಉಬ್ಬಿ, ಚದುರಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯದು. ಬೆಳೆಗೆ ಬಾರದ ಮಣ್ಣನ್ನೇ ಸೂರು ಮಾಡಿಕೊಂಡ ಈ ಜಾಣ್ಮೆ ಯಾವ ಗೋಪುರದ ಕೌಶಲಕ್ಕೂ ಕಡಿಮೆಯಲ್ಲ. ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹರಡಿ ಬಡಿಯುವ ಕೆಲಸವಂತೂ ತಪ್ಪದು.

ಒಳಗೆ ಬೆಳಕಿಗೆ ಗವಾಕ್ಷಿ, ಸಾಮಾನಿಗೆ ಗೋಡೆಗೂಡು. ಮೇಜು-ಕುರ್ಚಿ ಅಪರೂಪ. ಮೊಳಕಾಲ್ಮುರಿನ ರೇಷ್ಮೆ ನೇಕಾರರ ಮನೆಯಲ್ಲಿ ಮುಖ್ಯ ಜಾಗ ಮಗ್ಗದ್ದು: ನೆಲದಲ್ಲಿ ಗುಣಿ, ಅದರೊಳಗೆ ಕಾಲಿಳಿಬಿಟ್ಟು ತುಳಿಯುವ ಮಗ್ಗ. ಉಳಿದ ಬದುಕು ಅದರ ಸುತ್ತ.

ಆದರೆ ಇಂಥ ಮನೆಗಳು ಎಷ್ಟು ಕಾಲ ಉಳಿದಾವು? ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಕಲ್ಲುಚಪ್ಪಡಿಯ ಬೃಹತ್ ಶಿಲಾ ಸಮಾಧಿಗಳನ್ನು ಅಗೆದು ನೋಡಿದರು. ಅವು ಇಂದಿಗೂ ಗಟ್ಟಿ. ಮಣ್ಣಿನ ಮನೆಗೆ ಆ ಆಯುಷ್ಯವಿಲ್ಲ. ನಿಮ್ಮೂರಿನಲ್ಲಿ ಮಾಳಿಗೆ ಮನೆ ಉಳಿದಿದ್ದರೆ, ಕೆಡವುವ ಮೊದಲು ಅಳತೆ ತೆಗೆಯಿರಿ. ಮಾಳಿಗೆ ಹಾಕಿದ ಹಿರಿಯರನ್ನು ಕೇಳಿ ಬರೆದಿಡಿ.