ಆಟದ ಪೀರಿಯಡ್‌ಗೆ ಬಂದ ಮಾಯಾಚಿತ್ರ

ಗೋಡೆಯ ಮೇಲೆ ಬೆಳಕಿನ ಬಲೂನುಗಳು ತೇಲುತ್ತವೆ. ಮಕ್ಕಳು ಓಡಿಬಂದು ನಿಜವಾದ ಚೆಂಡು ಎಸೆದರೆ ಬಲೂನು ಒಡೆದು ಅಂಕ ಮೂಡುತ್ತದೆ. ಇಲ್ಲವೇ ಟ್ಯಾಬ್ಲೆಟ್‌ನ ಕ್ಯಾಮೆರಾ ಜಿಗಿಯುವ ಮಗುವಿನ ಮಂಡಿ, ಸೊಂಟ, ಭುಜಗಳನ್ನು ಗುರುತಿಸಿ, ಚಿತ್ರದ ಮೇಲೆ ಗೆರೆ ಎಳೆದು ತಪ್ಪನ್ನು ತೋರಿಸುತ್ತದೆ. ಹೀಗೆ ಕಣ್ಣೆದುರಿನ ನಿಜ ದೃಶ್ಯಕ್ಕೆ ಕಂಪ್ಯೂಟರಿನ ಚಿತ್ರವನ್ನು ಕೂಡಿಸುವ ತಂತ್ರವೇ ‘ಆಗ್ಮೆಂಟೆಡ್ ರಿಯಾಲಿಟಿ’. ಶಾಲೆಗಳ ದೈಹಿಕ ಶಿಕ್ಷಣಕ್ಕೂ ಇದು ಕಾಲಿಟ್ಟಿದೆ. ಇದರಿಂದ ಮಕ್ಕಳ ಮೈಗೆ ನಿಜಕ್ಕೂ ವ್ಯಾಯಾಮವಾಗುತ್ತದೆಯೇ?

ಎಷ್ಟು ವ್ಯಾಯಾಮ ಬೇಕು?

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ 3 ದಿನವಾದರೂ ಸ್ನಾಯು, ಮೂಳೆಗಳಿಗೆ ಬಲ ಕೊಡುವ ಆಟ ಇರಬೇಕು. ಆದರೆ 2016ರ ಅಂದಾಜಿನಂತೆ ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇಕಡಾ 81ರಷ್ಟು ಮಂದಿಗೆ ಇಷ್ಟು ಚಟುವಟಿಕೆ ಇರಲಿಲ್ಲ.

ಲಾಭವೇನು?

ತಂಡ ಕಟ್ಟುವಾಗ ಯಾರೂ ಕರೆಯದ ಸ್ಥೂಲಕಾಯದ ಹುಡುಗ, ನಾಚಿಕೆಯ ಹುಡುಗಿ ಇಲ್ಲಿ ತಮ್ಮ ನಿನ್ನೆಯ ಅಂಕದೊಡನೆ ಸ್ಪರ್ಧಿಸಬಹುದು. ಅವರನ್ನು ಅಂಗಳಕ್ಕೆ ಇಳಿಸಿದರೆ ಅದು ಸಣ್ಣ ಉಪಕಾರವಲ್ಲ.

ಆದರೆ ಹೊಸತನದ ಆಕರ್ಷಣೆ ಬಹುಕಾಲ ಉಳಿಯದು. 2016ರಲ್ಲಿ ಇದೇ ತಂತ್ರದ ‘ಪೋಕೆಮಾನ್ ಗೋ’ ಮೊಬೈಲ್ ಆಟ ಬಂದಾಗ ಅಮೆರಿಕದ ತರುಣರನ್ನು ಪರಿಶೀಲಿಸಲಾಯಿತು. ಮೊದಲ ವಾರ ಅವರು ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚು ನಡೆದರು. ಆರನೆಯ ವಾರಕ್ಕೆ ಎಲ್ಲವೂ ಮೊದಲಿನಂತಾಯಿತು! ಉಪಕರಣ ಮಗುವಿಗೆ ಆಟದ ರುಚಿ ಹತ್ತಿಸಬಹುದು. ಅಭ್ಯಾಸ ಬೆಳೆಸುವವರು ಶಿಕ್ಷಕರು ಮತ್ತು ನೀವು.

ಅಳೆಯುವುದು ಹೇಗೆ?

ಇದಕ್ಕೆ ಯಂತ್ರ ಬೇಡ. ಆಡುವಾಗ ಮಗು ಮಾತನಾಡಬಲ್ಲದು, ಆದರೆ ಹಾಡಲಾರದು ಎಂದಾದರೆ ವ್ಯಾಯಾಮ ಮಧ್ಯಮ ಮಟ್ಟದ್ದು. ನಾಲ್ಕು ಪದಕ್ಕೇ ಉಸಿರು ಕಟ್ಟಿದರೆ ತೀವ್ರವಾದದ್ದು. ಆರಾಮವಾಗಿ ಹಾಡುತ್ತಿದ್ದರೆ ಚಲಿಸಿದ್ದು ಬೆರಳು ಮಾತ್ರ!

ಸರದಿಯನ್ನೂ ವಿಚಾರಿಸಿ. 40 ಮಕ್ಕಳಿಗೆ 5 ಟ್ಯಾಬ್ಲೆಟ್ ಇದ್ದು, ಒಬ್ಬೊಬ್ಬರೇ ಆಡುವುದಾದರೆ, 40 ನಿಮಿಷದ ಪೀರಿಯಡ್‌ನಲ್ಲಿ ಒಂದು ಮಗುವಿಗೆ ಸಿಗುವುದು 5 ನಿಮಿಷ. ಉಳಿದ 35 ನಿಮಿಷ ಸಾಲಿನಲ್ಲಿ ನಿಲ್ಲುವುದೇ ಕೆಲಸ. ಅದೇ ಹೊತ್ತಿನಲ್ಲಿ ಲಗೋರಿ, ಖೊಖೊ ಹೆಚ್ಚು ಮಕ್ಕಳನ್ನು ಓಡಿಸುತ್ತವೆ.

ಎಚ್ಚರಿಕೆಗಳು

ಪರದೆ ನೋಡುತ್ತಾ ಓಡುವ ಮಗು ಎಡವುತ್ತದೆ. ಜಾಗ ಸಮತಟ್ಟಾಗಿ, ತೆರವಾಗಿ ಇರಲಿ. ಮೂರ್ಛೆರೋಗವಿರುವ ಕೆಲವು ಮಕ್ಕಳಿಗೆ ಮಿನುಗುವ ಬೆಳಕು ಸೆಳವು ತರಬಲ್ಲದು. ಮೂರ್ಛೆರೋಗ, ಆಸ್ತಮಾ, ಹೃದ್ರೋಗ ಇದ್ದರೆ ಶಿಕ್ಷಕರಿಗೆ ಮೊದಲೇ ತಿಳಿಸಿ. ತಲೆಸುತ್ತು, ತಲೆನೋವು ಬಂದರೆ ಆಟ ನಿಲ್ಲಿಸಲಿ. ಬಯಲಿನ ಹಗಲು ಬೆಳಕು ಸಮೀಪದೃಷ್ಟಿ ಬಾರದಂತೆ ತಡೆಯಲು ನೆರವಾಗುವುದರಿಂದ ಬಯಲಾಟವನ್ನು ಬಿಡಿಸಬೇಡಿ.

ಮುಂದಿನ ಪಾಲಕರ ಸಭೆಯಲ್ಲಿ ಉಪಕರಣದ ಬೆಲೆ ಕೇಳುವ ಮೊದಲು ಇದನ್ನು ಕೇಳಿ: ‘ನನ್ನ ಮಗು ಇಂದು ಎಷ್ಟು ನಿಮಿಷ ಬೆವರಿತು?’