ಬರೆದ ಕಾಮೆಂಟ್ ಎದುರಿನವರಿಗೆ ಯಾಕೆ ಕಾಣಲಿಲ್ಲ?

2020ರಲ್ಲಿ ಆಫೀಸುಗಳು ಬಾಗಿಲು ಹಾಕಿದಾಗ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದ ಸಾಫ್ಟ್‌ವೇರ್ ಮಕ್ಕಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೂ ಇದ್ದರು. ಹಬ್ಬಕ್ಕೋ ಸುಗ್ಗಿಗೋ ಬಂದವರು ಈಗಲೂ ನಾಲ್ಕು ದಿನ ಇಲ್ಲಿಂದಲೇ ಕೆಲಸ ಮಾಡುತ್ತಾರೆ. ಕೋಡ್ ಇಡುವ, ರಿವ್ಯೂ ಮಾಡುವ ತಾಣಗಳಲ್ಲಿ ಏನಾದರೂ ತೊಡಕಾದರೆ ಇವರು ಮೊದಲು ಊರನ್ನು ದೂರುತ್ತಾರೆ, ಆಮೇಲೆ ತಮ್ಮ ಕಲಿಕೆಯನ್ನು. ನನಗೆ ಇದು ನೋವಿನ ಸಂಗತಿ. ದೋಷ ಬಹಳ ಸಲ ತಾಣದ ರಚನೆಯಲ್ಲೇ ಇರುತ್ತದೆ.

ತಪ್ಪು ಕಲ್ಪನೆ: ನೆಟ್ ಹೋದರೆ ಕೆಲಸ ನಿಂತಿತು.
ವಾಸ್ತವ: ಗಿಟ್ ಬೇರೆ, ಗಿಟ್‌ಹಬ್ ಬೇರೆ. ಲಿನಕ್ಸ್ ಕರ್ನಲ್ ಕೆಲಸಕ್ಕಾಗಿ ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ಗಿಟ್‌ಹಬ್ ಆ ಕೋಡನ್ನು ಇಡಲು 2008ರಲ್ಲಿ ಶುರುವಾದ ಜಾಲತಾಣ. ಕಮಿಟ್ ಮಾಡಲು, ಬ್ರಾಂಚ್ ತೆಗೆಯಲು, ಹಳೆಯ ಬದಲಾವಣೆ ನೋಡಲು ನೆಟ್ ಬೇಡ. ಪುಶ್, ಪುಲ್‌ನಂಥ ಕೆಲಸಕ್ಕೆ ಮಾತ್ರ ಬೇಕು.

ತಪ್ಪು ಕಲ್ಪನೆ: ರಿವ್ಯೂ ಪುಟ ತೆವಳುವುದು ನಮ್ಮೂರಿನ ನೆಟ್‌ವರ್ಕ್‌ನಿಂದ.
ವಾಸ್ತವ: ಕೆಲವೊಮ್ಮೆ ಹೌದು. ಆದರೆ ಸಾವಿರಾರು ಸಾಲುಗಳ ಬದಲಾವಣೆ ಒಂದೇ ಪುಟದಲ್ಲಿದ್ದರೆ ಬೆಂಗಳೂರಿನಲ್ಲೂ ಬ್ರೌಸರ್ ಏದುಸಿರು ಬಿಡುತ್ತದೆ. ಬದಲಾವಣೆ ತೀರಾ ದೊಡ್ಡದಾದ ಫೈಲನ್ನು ಗಿಟ್‌ಹಬ್ ಮಡಚಿಟ್ಟು, ಒತ್ತಿದರಷ್ಟೇ ತೋರಿಸುತ್ತದೆ. ಎಲ್ಲಕ್ಕಿಂತ ಹೆಚ್ಚು ನೋಡಬೇಕಾದ ಫೈಲೇ ಹೀಗೆ ಕಣ್ತಪ್ಪಿ, ಒಪ್ಪಿಗೆ ಬಿದ್ದುಬಿಡಬಹುದು. ಬದಲಾವಣೆಯನ್ನು ಚಿಕ್ಕ ಚಿಕ್ಕದಾಗಿ ಕಳಿಸುವುದು ಇದಕ್ಕಿರುವ ಒಳ್ಳೆಯ ದಾರಿ.

ತಪ್ಪು ಕಲ್ಪನೆ: ಎರಡು ದಿನವಾದರೂ ರಿವ್ಯೂ ಬರಲಿಲ್ಲ ಎಂದರೆ ಹಿರಿಯರಿಗೆ ನಮ್ಮ ಬಗ್ಗೆ ಅಸಡ್ಡೆ.
ವಾಸ್ತವ: ಅವರು ಬರೆದೇ ಇರಬಹುದು. ಗಿಟ್‌ಹಬ್‌ನಲ್ಲಿ ‘ಸ್ಟಾರ್ಟ್ ಎ ರಿವ್ಯೂ’ ಒತ್ತಿ ಬರೆದ ಕಾಮೆಂಟುಗಳು ಕೊನೆಗೆ ‘ಸಬ್ಮಿಟ್’ ಕೊಡುವವರೆಗೆ ಬರೆದವರಿಗೆ ಮಾತ್ರ ಕಾಣುತ್ತವೆ. ‘ಪೆಂಡಿಂಗ್’ ಎಂಬ ಪುಟ್ಟ ಗುರುತು ಅದರ ಸುಳಿವು. ಇಂಥದೇ ತಾಣವಾದ ಗಿಟ್‌ಲ್ಯಾಬ್‌ನಲ್ಲೂ ಹೀಗೆಯೇ, ಗೆರಿಟ್ ಎಂಬ ರಿವ್ಯೂ ವ್ಯವಸ್ಥೆಯಲ್ಲಿ ‘ರಿಪ್ಲೈ’ ತೆರೆದು ಕಳಿಸುವ ತನಕ ಎಲ್ಲವೂ ಡ್ರಾಫ್ಟ್. ಇಡೀ ಕೋಡ್ ಓದಿ ಮುಗಿಸಿ ಒಟ್ಟಿಗೆ ಹೇಳಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಹೀಗೆ ಅರ್ಧಕ್ಕೆ ಉಳಿದದ್ದನ್ನು ಎದ್ದು ಕಾಣುವಂತೆ ನೆನಪಿಸದಿರುವುದು ದೊಡ್ಡ ಕೊರತೆ. ಬಾಗೇವಾಡಿಯಲ್ಲಿ ಕೂತ ಹುಡುಗಿ ‘ಸರ್ ನೋಡೇ ಇಲ್ಲ’ ಅಂದುಕೊಳ್ಳುತ್ತಾಳೆ, ಬೆಂಗಳೂರಿನ ಸರ್ ‘ಹೇಳಿದ್ದನ್ನ ತಿದ್ದೇ ಇಲ್ಲ’ ಅಂದುಕೊಳ್ಳುತ್ತಾರೆ. ಒಂದೇ ಆಫೀಸಿನಲ್ಲಿದ್ದರೆ ಚಹಾ ಹೊತ್ತಿಗೆ ಬಗೆಹರಿಯುವ ಮಾತು, ದೂರದಲ್ಲಿದ್ದಾಗ ಮುನಿಸಾಗುತ್ತದೆ. ಸಂಕೋಚಪಡಬೇಡಿ, ಒಂದು ಫೋನ್ ಮಾಡಿ: ‘ಸರ್, ನಿಮ್ಮ ರಿವ್ಯೂ ಸಬ್ಮಿಟ್ ಆಗೇದೇನ್ರಿ?’

ತಪ್ಪು ಕಲ್ಪನೆ: ತಿದ್ದಿದ ಕೋಡನ್ನು ಫೋರ್ಸ್ ಪುಶ್ ಮಾಡಿದರೆ ಇತಿಹಾಸ ಅಚ್ಚುಕಟ್ಟಾಗಿ ಇರುತ್ತದೆ.
ವಾಸ್ತವ: ನಿಮಗೆ ಅಚ್ಚುಕಟ್ಟು, ರಿವ್ಯೂ ಮಾಡುವವರಿಗೆ ಗೋಳು. ಹಳೆಯ ಕಾಮೆಂಟುಗಳು ‘ಔಟ್‌ಡೇಟೆಡ್’ ಆಗಿ ಮರೆಗೆ ಸರಿಯಬಹುದು, ಹೊಸದೇನೆಂದು ಹುಡುಕುವುದು ಕಷ್ಟ. ಗೆರಿಟ್ ಇಲ್ಲಿ ಮೇಲು: ಪ್ರತಿ ಆವೃತ್ತಿಯನ್ನೂ ಪ್ಯಾಚ್‌ಸೆಟ್ ಆಗಿ ಉಳಿಸಿ ಹೋಲಿಸಲು ಬಿಡುತ್ತದೆ. ಗಿಟ್‌ಹಬ್‌ನಲ್ಲಾದರೆ ರಿವ್ಯೂ ಮುಗಿಯುವವರೆಗೆ ಹೊಸ ಕಮಿಟ್ ಸೇರಿಸಿ, ಮರ್ಜ್ ಮಾಡುವಾಗ ಎಲ್ಲವನ್ನೂ ಒಂದಾಗಿ ಸ್ಕ್ವಾಶ್ ಮಾಡಿ.

ತಪ್ಪು ಕಲ್ಪನೆ: ಗಿಟ್‌ಗೆ ಕನ್ನಡ ಬರುವುದಿಲ್ಲ.
ವಾಸ್ತವ: ಕಮಿಟ್ ಸಂದೇಶ, ಕಾಮೆಂಟ್ ಎಲ್ಲವನ್ನೂ ಕನ್ನಡದಲ್ಲಿ ಬರೆಯಬಹುದು. ಇಂಡಿಯ ಒಬ್ಬರು ಫೈಲಿಗೆ ‘ಲಿಂಬೆ’ ಎಂದು ಹೆಸರಿಟ್ಟರೆ ಗಿಟ್ ಸ್ಟೇಟಸ್‌ನಲ್ಲಿ \340\262\262 ಎಂದು ಶುರುವಾಗುವ ಅಂಕಿಗಳು ಕಾಣುತ್ತವೆ, ಗಾಬರಿ ಬೇಡ. ಫೈಲ್ ಕೆಟ್ಟಿಲ್ಲ, ಅದು ‘ಲ’ ಅಕ್ಷರದ ಮೂರು ಬೈಟ್‌ಗಳನ್ನು ತೋರಿಸುವ ರೀತಿ. ಕೋರ್ ಡಾಟ್ ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿ, ಲಿಂಬೆ ಲಿಂಬೆಯಾಗಿಯೇ ಕಾಣುತ್ತದೆ.