ಸುತ್ತಿಗೆ ಯಾರ ಕೈಯಲ್ಲಿದೆ?

ಮನೆ ಕಟ್ಟುವ, ಒಪ್ಪಗೊಳಿಸುವ ಸಾಮಗ್ರಿಯನ್ನೆಲ್ಲ ಒಂದೇ ಸೂರಿನಡಿ ಮಾರುವ ಪ್ರಯತ್ನ ಬೆಂಗಳೂರಿಗೆ ಹೊಸದಲ್ಲ. ಫ್ಯೂಚರ್ ಗ್ರೂಪ್ 2007ರಲ್ಲಿ ನೊಯ್ಡಾದಲ್ಲಿ ಆರಂಭಿಸಿದ 'ಹೋಮ್ ಟೌನ್' ನಮ್ಮ ಮಾರತ್ತಹಳ್ಳಿಗೂ ಬಂದಿತ್ತು. ಟೈಲ್ಸ್, ನಲ್ಲಿಗಳನ್ನೂ ಮಾರುವ ಉಮೇದಿನಿಂದ ಹೊರಟ ಆ ಸರಣಿ ಬರಬರುತ್ತ ಪೀಠೋಪಕರಣದತ್ತ ವಾಲಿತು. 2022ರ ಜೂನ್‌ನಲ್ಲಿ ನಾಗಸಂದ್ರದ ಮೆಟ್ರೊ ಪಕ್ಕದಲ್ಲೇ ತೆರೆದ ಐಕಿಯಾದ 4.6 ಲಕ್ಷ ಚದರ ಅಡಿಯಲ್ಲೂ ಸಿಗುವುದು ಮಂಚ, ಕಪಾಟುಗಳೇ, ಸಿಮೆಂಟ್, ಕಬ್ಬಿಣವಲ್ಲ.

ಕಾರಣ ಸರಳ. 1979ರಲ್ಲಿ ಅಟ್ಲಾಂಟಾದಲ್ಲಿ ಮೊದಲ ಮಳಿಗೆಗಳನ್ನು ತೆರೆದ ಅಮೆರಿಕದ ಹೋಮ್ ಡಿಪೋ ಬೆಳೆದದ್ದು ಸ್ವತಃ ಸುತ್ತಿಗೆ ಹಿಡಿಯುವ ಮನೆಯೊಡೆಯರಿಂದ. ನಮ್ಮಲ್ಲಿ ಸುತ್ತಿಗೆ ಇರುವುದು ಬಡಗಿಯ ಕೈಯಲ್ಲಿ. ಯಾವ ಪ್ಲೈವುಡ್, ಯಾವ ತಿರುಪು ಎಂದು ತೀರ್ಮಾನಿಸುವವನೂ ಬಹುಮಟ್ಟಿಗೆ ಅವನೇ. ಹೂಡಿಯಂಥ ಕಡೆ ಹಾರ್ಡ್‌ವೇರ್ ಅಂಗಡಿಯವರು ಅವನಿಗೆ ಸಾಲ ಕೊಡುತ್ತಾರೆ, ಉಳಿದ ಸಾಮಾನನ್ನು ಹಿಂದಕ್ಕೆ ಪಡೆಯುತ್ತಾರೆ. (ಕಮಿಷನ್ನೂ ಉಂಟು, ಅದು ಮನೆಯೊಡೆಯನ ಬಿಲ್ಲಿನಲ್ಲೇ ಅಡಗಿರುತ್ತದೆ.) ಯಾವ ಮಹಾಮಳಿಗೆಗೂ ಈ ನಂಟನ್ನು ಕಡಿಯುವುದು ಸುಲಭವಲ್ಲ.

ಆದ್ದರಿಂದ ಅಂಗಡಿಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಆತಂಕ ಬಡಗಿಯದು. 2023ರ ಮಾರ್ಚ್‌ನಲ್ಲಿ ಮೆಟ್ರೊ ಕಂಡ ಹೂಡಿಯ ಸುತ್ತಲೂ ಈಗ ಅಪಾರ್ಟ್‌ಮೆಂಟ್‌ಗಳು. ಅಲ್ಲಿಗೆ ಅಡುಗೆಮನೆಯ ಕಪಾಟು ಬರುವುದು ಕಾರ್ಖಾನೆಯಿಂದ, ಕತ್ತರಿಸಿದ ಹಲಗೆಗಳ ರೂಪದಲ್ಲಿ. ಲಿವ್‌ಸ್ಪೇಸ್, ಹೋಮ್‌ಲೇನ್‌ಗಳಂಥ ಬೆಂಗಳೂರಿನ ಕಂಪನಿಗಳು ಬೆಳೆದದ್ದೇ ಈ ದಾರಿಯಲ್ಲಿ. ಕೆಲಸ ಅಚ್ಚುಕಟ್ಟು, ಗಡುವೂ ಖಚಿತವೆನ್ನುತ್ತಾರೆ, ಗ್ರಾಹಕನನ್ನು ದೂರುವಂತಿಲ್ಲ. ಆದರೆ ಉಳಿ ಹಿಡಿದು ಪಳಗಿದ ಕೈ ಅಲ್ಲಿ ಬೇರೆಯವರ ನಕ್ಷೆ ನೋಡಿ ತಿರುಪು ಬಿಗಿಯುತ್ತದೆ. ಅಳತೆ ತೆಗೆಯುವ ಕೆಲಸವೂ ಅದರದಲ್ಲ.